ಅಲ್ಲಾಡದ ಚಕ್ರ

ಹದಿನಾಲ್ಕನೇ ತಾರೀಕು, ಶುಕ್ರವಾರ
ಮಧ್ಯಾಹ್ನ ಹನ್ನೆರಡೂವರೆ

ನನ್ನ ಮುದ್ದಿನ ಸೊಸೆಗೆ,

ನೀನು ಚೆನ್ನಾಗಿದ್ದೀಯಾ? ಪುಟ್ಟಿ ಹೇಗಿದ್ದಾಳೆ, ಬಿದ್ದ ಮುಂದಿನ ಹಲ್ಲು ಬಂತಾ? ನಿನ್ನಮ್ಮನ ಮೊಣಕಾಲು ನೋವು ಇಳಿದಿದೆಯಾ, ಇಲ್ಲ ಈಗಲೂ ಮೆಟ್ಟಿಲನ್ನು ಬೈದುಕೊಂಡೇ ಹತ್ತುತ್ತಾರಾ? ನಿನ್ನ ತಮ್ಮನ ಕೆಮ್ಮು? ಎಲ್ಲರನ್ನೂ ಕೇಳಿದೆನೆಂದು ಹೇಳು. ಇಷ್ಟು ಓದಿದ ಕೂಡಲೆ ಒಂದು ಕೆಲಸ ಮಾಡು. ಗಾಡಿಯ ಕೀಲಿಯನ್ನು ನಿನ್ನಮ್ಮನ ಕೈಗೆ ಕೊಟ್ಟು ಬಾ. ಕೊಟ್ಟು ಬಂದ ಮೇಲೆ ಮುಂದಿನದನ್ನು ಓದು.

ನನ್ನ ಕೈಬರಹ ಕಂಡೊಡನೆ ಹರಿದು ಬಿಸಾಡಬೇಕು ಅನ್ನಿಸಿರುತ್ತದೆ. ಹರಿಯಬೇಡ ಕಣೇ. ನಿನ್ನೆಯಿಂದ ಹನ್ನೊಂದು ಸಲ ಫೋನ್ ಮಾಡಿದೆ, ನನ್ನ ನಂಬರನ್ನು ನೀನು ಬ್ಲಾಕ್ ಮಾಡಿದ್ದೀಯ. ಪಕ್ಕದ ಟೈಲರಮ್ಮನ ಫೋನಿನಿಂದ ಮಾಡಿದರೆ, ‘ಹಲೋ’ ಅನ್ನುವ ನನ್ನ ದನಿ ಕೇಳಿಯೇ ನೀನು ಕಟ್ ಮಾಡಿದೆ. ನೀನು ನೀರಿನ ಕ್ಯಾನು ತುಂಬಿಸಿಕೊಳ್ಳುವ ಪ್ಲಾಂಟಿಗೆ ಮಾಡಿ, ಅಲ್ಲಿನ ರೈಟರಿಗೆ ‘ಅವಳ ಗಾಡಿಗೆ ಲೋಡ್ ಹಾಕಬೇಡಿ ಸ್ವಾಮಿ’ ಎಂದು ಬೇಡಿಕೊಂಡೆ. ‘ಅತ್ತೆ ಸೊಸೆ ಜಗಳಕ್ಕೆ ನಮ್ಮ ಪ್ಲಾಂಟೇ ಬೇಕಿತ್ತಾ ಅಮ್ಮಾ?’ ಎಂದ. ಗಾಡಿ ವಿಷಯದಲ್ಲಿ ನಾನು ಸುಳ್ಳು ಹೇಳುವವಳು ಎಂದು ಅವನಿಗೂ ಗೊತ್ತಾಗಿದೆ. ನೀನು ಹೇಳಿದ್ದು ತಪ್ಪಲ್ಲ. ನಾನು ಸುಳ್ಳು ಹೇಳಿದ್ದು ನಿಜ.

ನಾಲ್ಕು ತಿಂಗಳ ಹಿಂದೆ ಪುಟ್ಟಿಯನ್ನೂ ಬಟ್ಟೆಯ ಗಂಟನ್ನೂ ಪಿಕಪ್ಪಿನ ಮುಂದಿನ ಸೀಟಿಗೆ ಹತ್ತಿಸಿ ನೀನು ತವರಿಗೆ ಹೊರಟಾಗ ನಾನು ಗಾಡಿಗೆ ಅಡ್ಡ ನಿಂತೆ. ‘ಎಡಗಡೆ ಬಾಲ್ ಜಾಯಿಂಟ್ ಹೋಗಿದೆ ಕಣೇ, ದಾರೀಲಿ ಚಕ್ರ ಕಳಚಿಕೊಳ್ಳುತ್ತೆ, ರಿಪೇರಿ ಆಗೋವರೆಗೆ ಇರು’ ಎಂದೆ. ಹಸಿ ಸುಳ್ಳು. ಚಕ್ರವನ್ನು ಹಿಡಿದಿಡುವ ಆ ಜಾಯಿಂಟನ್ನು ನಾನು ನೋಡಿಯೇ ಇರಲಿಲ್ಲ. ಎರಡು ದಿನ ನಿನ್ನನ್ನು ಹಿಡಿದಿಟ್ಟರೆ ಸಿಟ್ಟು ಇಳಿದೀತು ಎಂದುಕೊಂಡೆ. ಗ್ಯಾರೇಜಿನವಳ ಬಾಯಿಗೆ ಗ್ಯಾರೇಜಿನ ಸುಳ್ಳೇ ಬಂತು. ಆದರೆ ನನ್ನ ಹತ್ತಿರವೇ ಒಂಬತ್ತು ವರ್ಷ ಕೆಲಸ ಕಲಿತವಳು ನೀನು, ಬಿಡುತ್ತೀಯಾ? ‘ಎತ್ತಿ ನೋಡೇಬಿಡೋಣ ಬನ್ನಿ’ ಎಂದು ನೀನೇ ಜಾಕ್ ತಂದೆ. ನಾನು ಕಲಿಸಿದ ಹಾಗೆಯೇ ಗಾಡಿಯ ಅಡಿಯ ಚೌಕಟ್ಟಿಗೆ, ಚಾಸಿಸ್ಸಿಗೆ, ಜಾಕ್ ಕೊಟ್ಟೆ. ಚಕ್ರದ ಮೇಲೊಂದು ಕೈ, ಕೆಳಗೊಂದು ಕೈ ಇಟ್ಟು ಜಗ್ಗಿದೆ. ಚೂರೂ ಅಲ್ಲಾಡಲಿಲ್ಲ. ‘ಇದಕ್ಕಿಂತ ಪುಟ್ಟಿ ಹಲ್ಲೇ ಜಾಸ್ತಿ ಅಲ್ಲಾಡುತ್ತೆ’ ಎಂದು ನಕ್ಕೆ. ಆಮೇಲೆ ನಗು ನಿಲ್ಲಿಸಿ, ‘ಸುಳ್ಳು ಹೇಳೋಕೂ ನಿಮಗೆ ಗಾಡಿನೇ ಬೇಕಾಯ್ತಾ ಅತ್ತೆ?’ ಎಂದು ಕೇಳಿ ಸ್ಟಾರ್ಟ್ ಮಾಡಿದೆ.

ಈಗ ಹೇಳುತ್ತಿದ್ದೇನೆ, ಆ ಸುಳ್ಳು ನಿಜ ಇರಬಹುದು. ಹನ್ನೊಂದು ಸಲ ಫೋನ್ ಮಾಡಿದ್ದು ಅದಕ್ಕೇ.

ನಿನ್ನೆ ಬೆಳಿಗ್ಗೆ ಹಾಲಿನವರ ಪಿಕಪ್ ಬಂತು. ನಿನ್ನದರ ಥರದ್ದೇ, ಅದೇ ಇಪ್ಪತ್ತೊಂದು ವರ್ಷದ ಮುದಿ ಗಾಡಿ. ತಿರುಗಿಸುವಾಗ ಮುಂದುಗಡೆ ಟಕ್ ಎನ್ನುತ್ತದೆ ಎಂದರು. ಎತ್ತಿದೆ, ಜಗ್ಗಿದೆ, ‘ಕಲ್ಲಿದ್ದ ಹಾಗಿದೆ, ತಗೊಂಡು ಹೋಗಪ್ಪ’ ಎಂದೆ. ಡ್ರೈವರು ಗೇಟಿನಿಂದ ರಸ್ತೆಗೆ ತಿರುಗಿಸುತ್ತಿದ್ದ, ನಾನು ಮುಂದೆ ನಿಂತು ಕೈ ತೋರಿಸುತ್ತಿದ್ದೆ. ನನ್ನ ಕಣ್ಣೆದುರಿಗೇ ಎಡಗಡೆಯ ಚಕ್ರ ಮಡಚಿಕೊಂಡು ಅಡ್ಡಡ್ಡ ಮಲಗಿತು. ಗಾಡಿಯ ಮೂತಿ ನೆಲಕ್ಕೆ ಕುಸಿದು, ಉಜ್ಜಿಕೊಂಡು ಬಂದು ಕಂಬಕ್ಕೆ ಗುದ್ದಿ ನಿಂತಿತು. ನಡೆಯುವಷ್ಟು ವೇಗವೂ ಇರಲಿಲ್ಲ, ಡ್ರೈವರಿಗೆ ಏನೂ ಆಗಲಿಲ್ಲ. ನನ್ನ ಕಾಲಿಗೆ ಸ್ವಲ್ಪ ಪೆಟ್ಟು. ದೊಡ್ಡದೇನಲ್ಲ. ಅಕ್ಷರ ಸೊಟ್ಟಗಿರುವುದು ಮಲಗಿಕೊಂಡು ಬರೆಯುತ್ತಿರುವುದಕ್ಕೆ, ಅಷ್ಟೆ.

ಬಿಡಿಭಾಗದ ಅಂಗಡಿಯವನು ಓಡಿ ಬಂದ. ಕಿತ್ತುಬಂದ ಜಾಯಿಂಟನ್ನು ಅಂಗೈಯಲ್ಲಿಟ್ಟುಕೊಂಡು ನೋಡಿದ. ಬಟ್ಟಲೊಳಗಿನ ಗುಂಡು ಗುಂಡಾಗಿಯೇ ಇರಲಿಲ್ಲ, ಒಂದು ಮಗ್ಗುಲು ಪೂರಾ ಸವೆದಿತ್ತು. ‘ಜಾಕ್ ಎಲ್ಲಿಗೆ ಕೊಟ್ಟಿದ್ರಿ ಅಕ್ಕಾ?’ ಎಂದು ಕೇಳಿದ. ‘ಚಾಸಿಸ್ಸಿಗೆ. ಇನ್ನೆಲ್ಲಿಗೆ, ನಿನ್ನ ತಲೆಗಾ?’ ಎಂದೆ. ಅವನು ನಗಲಿಲ್ಲ. ಇಂಥ ಗಾಡಿಯಲ್ಲಿ ಸುರುಳಿ ಸ್ಪ್ರಿಂಗು, ಚಕ್ರವನ್ನು ಹಿಡಿದಿರುವ ಕೆಳಗಿನ ತೋಳು ಇದೆಯಲ್ಲ, ಆ ಆರ್ಮಿನ ಮೇಲೆ ಕೂತಿರುತ್ತದಂತೆ. ಚಾಸಿಸ್ಸಿಗೆ ಕೊಟ್ಟು ಎತ್ತಿದರೆ ಸ್ಪ್ರಿಂಗು ಆ ಆರ್ಮನ್ನು ಒತ್ತಿ ಹಿಡಿದೇ ಇರುತ್ತದೆ, ಆ ಒತ್ತಡಕ್ಕೆ ಸವೆದ ಜಾಯಿಂಟೂ ಬಿಗಿಯಾಗಿಯೇ ಕಾಣುತ್ತದೆ. ಆರ್ಮಿಗೇ ಜಾಕ್ ಕೊಟ್ಟರೆ ಮಾತ್ರ ಭಾರ ಇಳಿದು ಒಳಗಿನ ಸಡಿಲು ಹೊರಗೆ ಬೀಳುತ್ತದೆ.

ಇಪ್ಪತ್ತೇಳು ವರ್ಷ ಗ್ರೀಸಿನಲ್ಲಿ ಕೈ ಅದ್ದಿದವಳು ನಾನು. ಇದು ಗೊತ್ತಿರಲಿಲ್ಲ. ನಿನ್ನ ಮಾವ ಮಾಡುತ್ತಿದ್ದುದನ್ನು ನೋಡಿ ಕಲಿತದ್ದು, ಅವರು ಹೋದ ಮೇಲೆ ಬಿಚ್ಚಿ ಬಿಚ್ಚಿ ಕಲಿತದ್ದು. ಆಗೆಲ್ಲ ಬರುತ್ತಿದ್ದದ್ದು ಪಟ್ಟಿ ಸ್ಪ್ರಿಂಗಿನ ಲಾರಿಗಳು, ಅವಕ್ಕೆ ನಮ್ಮ ಪದ್ಧತಿ ನಡೆಯಿತು. ಗೊತ್ತಿಲ್ಲದ್ದನ್ನು ಗೊತ್ತಿರುವ ಹಾಗೆ ನಿನಗೂ ಕಲಿಸಿದೆ. ನೀನು ನನ್ನ ಸುಳ್ಳನ್ನು ಹಿಡಿದದ್ದು ನನ್ನದೇ ತಪ್ಪು ವಿದ್ಯೆಯಿಂದ.

ನನ್ನ ಮಾತನ್ನು ನಂಬು ಎಂದು ಕೇಳುವ ಮುಖ ನನಗಿಲ್ಲ. ನಂಬಬೇಡ. ನಿನ್ನ ಕೈಯನ್ನೇ ನಂಬು. ಗಾಡಿಯನ್ನು ನಿಂತ ಜಾಗದಿಂದ ಕದಲಿಸದೆ, ಹಿಂದಿನ ಚಕ್ರಗಳಿಗೆ ಕಲ್ಲು ಕೊಡು. ಕೆಳಗಿನ ಆರ್ಮಿಗೆ, ಚಕ್ರಕ್ಕೆ ಎಷ್ಟು ಹತ್ತಿರ ಆಗುತ್ತದೋ ಅಷ್ಟು ಹತ್ತಿರ ಜಾಕ್ ಇಟ್ಟು ಎತ್ತು. ಟೈರು ನೆಲ ಬಿಟ್ಟ ಮೇಲೆ ಅದರ ಅಡಿಗೆ ಹಾರೆ ತೂರಿಸಿ ನಿಧಾನವಾಗಿ ಮೀಟು. ನಿನ್ನ ತಮ್ಮ ಬದಿಯಲ್ಲಿ ಕೂತು ಜಾಯಿಂಟನ್ನು ನೋಡುತ್ತಿರಲಿ. ಕೆಳಗೆ ಮಾತ್ರ ಯಾರೂ ನುಗ್ಗಬೇಡಿ. ಗುಂಡು ಬಟ್ಟಲಿನಲ್ಲಿ ಮೇಲೆ ಕೆಳಗೆ ಕುಣಿದರೆ ಜಾಯಿಂಟು ಹೋಗಿದೆ. ರಬ್ಬರು ಟೋಪಿ ಹರಿದು ಗ್ರೀಸಿನ ಬದಲು ತುಕ್ಕಿನ ನೀರು ಇಳಿದಿದ್ದರೂ ಹೋದ ಹಾಗೆಯೇ. ಎರಡೂ ಪಕ್ಕ ನೋಡು. ಅಲ್ಲಾಡಲೇ ಇಲ್ಲವೋ, ಮುದುಕಿ ಇನ್ನೊಂದು ಸುಳ್ಳು ಹೇಳಿದಳು ಎಂದು ಊರಿಗೆಲ್ಲ ಸಾರು. ಸಂತೋಷವಾಗಿ ಬೈಸಿಕೊಳ್ಳುತ್ತೇನೆ.

ಅಲ್ಲಾಡಿದರೆ ಗ್ಯಾರೇಜಿಗೂ ಓಡಿಸಿಕೊಂಡು ಹೋಗಬೇಡ, ಮೆಕ್ಯಾನಿಕನ್ನೇ ಮನೆಗೆ ಕರೆಸು. ನನ್ನ ಹೆಸರು ಎತ್ತಬೇಕಾಗಿಲ್ಲ. ಎರಡು ಹೊಸ ಜಾಯಿಂಟುಗಳನ್ನು ಈ ಕಾಗದದ ಜೊತೆ ಎರಡು ಗಂಟೆ ಬಸ್ಸಿನ ಕಂಡಕ್ಟರ್ ಕೈಯಲ್ಲಿ ಕಳಿಸುತ್ತಿದ್ದೇನೆ. ನಾಳೆ ಬೆಳಿಗ್ಗೆ ನೀನು ಗಾಡಿ ತೆಗೆಯುವ ಮೊದಲು ಮನೆ ಬಾಗಿಲಿಗೇ ತಂದು ಕೊಡುತ್ತೇನೆ ಎಂದು ಮಾತು ಕೊಟ್ಟಿದ್ದಾನೆ. ಹಾಕಿದ ಮೇಲೆ ನಟ್ಟು ಬಿಚ್ಚಿಕೊಳ್ಳದಂತೆ ಸ್ಪ್ಲಿಟ್ ಪಿನ್ ಹಾಕುವುದು ಮರೆಯದಿರಲಿ. ಎರಡು ತಿಂಗಳಿಗೊಮ್ಮೆ, ಹಳೆಯ ಕೊಳೆ ಹೊರಗೆ ಬರುವ ತನಕ ಗ್ರೀಸ್ ಹೊಡಿ. ಬಗ್ಗಲಾಗುವುದಿಲ್ಲ ಎಂಬ ಸೋಮಾರಿತನಕ್ಕೆ ಕಡೇ ವರ್ಷ ನಾನು ಹೊಡೆಯಲೇ ಇಲ್ಲ. ಅದನ್ನೂ ನಿನಗೆ ಹೇಳಿರಲಿಲ್ಲ.

ಗಾಡಿ ವಾಪಸ್ ತರಿಸಿಕೊಳ್ಳುವ ಹೂಟ ಇದು ಎಂದು ನಿನ್ನಮ್ಮ ಅನ್ನಬಹುದು. ಗಾಡಿ ನಿನ್ನದು. ನಾನು ಕೇಳುವುದಿಲ್ಲ, ಮಗನಿಗೆ ಈ ಕಾಗದದ ಸುದ್ದಿಯೇ ಗೊತ್ತಿಲ್ಲ. ನನಗೆ ಕಣ್ಣು ಮುಚ್ಚಿದರೆ ಬರುವುದು ಒಂದೇ. ನಲವತ್ತು ಕ್ಯಾನು ನೀರು ಹಿಂದೆ, ಆಸ್ಪತ್ರೆ ದಿಬ್ಬದ ಇಳಿಜಾರು, ಎಡಗಡೆಯ ಆ ಚಕ್ರದ ನೆತ್ತಿಯ ಮೇಲೆಯೇ ಸ್ಕೂಲ್ ಬ್ಯಾಗು ತಬ್ಬಿಕೊಂಡು ಕೂತ ಪುಟ್ಟಿ. ನಿನ್ನ ಕಾಲು ಹಿಡಿದುಕೊಳ್ಳುತ್ತೇನೆ ಕಣೇ. ನನ್ನ ಮೇಲಿನ ಸಿಟ್ಟನ್ನು ಇದನ್ನು ಓದಿದ ಒಂದು ದಿನದ ಮಟ್ಟಿಗೆ ಪಕ್ಕಕ್ಕಿಡು. ಗಾಡಿ ತೆಗೆಯಬೇಡ.

ಕಂಡಕ್ಟರ್ ಬಾಗಿಲಲ್ಲಿ ನಿಂತು ಕೂಗುತ್ತಿದ್ದಾನೆ. ಮುಗಿಸುತ್ತೇನೆ.

ನಿಮ್ಮೆಲ್ಲರ ದಾರಿ ಕಾಯುವ
ನಿನ್ನ ಅತ್ತೆ

ತಾ.ಕ.: ಕಂಡಕ್ಟರನ್ನು ಎರಡು ನಿಮಿಷ ನಿಲ್ಲಿಸಿದ್ದೇನೆ. ಆ ದಿನ ನಾನು ಹೇಳಿದ್ದು ಎರಡು ಸುಳ್ಳು. ನೀನು ಹೊರಡುವ ಮುಂಚೆ, ‘ನೀವು ನೋಡಿದ್ರಲ್ಲ ಅತ್ತೆ, ನೀವೇ ಹೇಳಿ’ ಎಂದು ಕೇಳಿದೆ. ‘ನಾನು ಗಾಡಿ ಕೆಳಗಿದ್ದೆ, ನನಗೇನೂ ಗೊತ್ತಾಗಲಿಲ್ಲ’ ಎಂದೆ. ಗಾಡಿ ಕೆಳಗಿಂದ ಕಾಲುಗಳು ಕಾಣುತ್ತವೆ. ನಿನ್ನ ಗಂಡನ ಬೂಟು ಮುಂದೆ ಬಂದದ್ದು, ನಿನ್ನ ಚಪ್ಪಲಿ ಹಿಂದೆ ಹಿಂದೆ ಸರಿದದ್ದು, ಏಟಿನ ಸದ್ದು, ಆಮೇಲೆ ನಿನ್ನ ಅಂಗೈ ನೆಲಕ್ಕೆ ಊರಿದ್ದು, ಎಲ್ಲ ನೋಡಿದೆ. ಸ್ಪ್ಯಾನರ್ ತಿರುಗಿಸುತ್ತಲೇ ಇದ್ದೆ. ಅದನ್ನು ಯಾವ ನಟ್ಟಿಗೂ ಹಾಕಿರಲಿಲ್ಲ, ಸದ್ದಿಗಾಗಿ ಸುಮ್ಮನೆ ಕಬ್ಬಿಣಕ್ಕೆ ಬಡಿಯುತ್ತಿದ್ದೆ. ಮಗ ಎಂದು ಹೊರಗೆ ಬರಲಿಲ್ಲ. ಈ ಕಾಗದವನ್ನು ಯಾರಿಗೆ ಬೇಕಾದರೂ ತೋರಿಸು, ಯಾವ ಕಟಕಟೆಯಲ್ಲಿ ಕೇಳಿದರೂ ಇದನ್ನೇ ಹೇಳುತ್ತೇನೆ. ಇಷ್ಟನ್ನು ಒಪ್ಪಿಕೊಂಡವಳು ಚಕ್ರದ ವಿಷಯದಲ್ಲಿ ಸುಳ್ಳು ಹೇಳುವುದಿಲ್ಲ ಎಂದಾದರೂ ನಂಬು. ಜಾಯಿಂಟು ನೋಡಿದ ಕೂಡಲೆ, ವಾಪಸ್ ಬರುವ ಇದೇ ಬಸ್ಸಿನಲ್ಲಿ ಒಂದು ಸಾಲು ಬರೆದು ಕಳಿಸು. ಬೈದೇ ಬರೆ, ಆದರೆ ಬೇಗ ಬರೆ.