ಬಾಯಿಪಾಠ

ಮನೆಯಿಂದ,
ಮಂಗಳವಾರ, ಹದಿನಾಲ್ಕನೇ ತಾರೀಖು

ಪ್ರೀತಿಯ ಚೂಟಿ,

ನೀನು ಸುಖವಾಗಿ ತಲುಪಿದ್ದು ಅಪ್ಪನ ಫೋನಿಗೆ ಬಂದ ಎರಡೇ ಎರಡು ಪದಗಳಿಂದ ತಿಳಿಯಿತು. ನೆಗಡಿ ಹೇಗಿದೆ? ಕಿವಿ ಕಟ್ಟಿಕೊಂಡಿದ್ದರೆ ಬಿಸಿನೀರಿನ ಹಬೆ ತೆಗೆದುಕೋ. ಲಾಡ್ಜಿನ ಹಾಸಿಗೆ ಬೆನ್ನಿಗೆ ಒಗ್ಗಿತೇ? ನಾವಿಬ್ಬರೂ ಚೆನ್ನಾಗಿದ್ದೇವೆ, ನನ್ನ ಮಂಡಿಯೊಂದನ್ನು ಬಿಟ್ಟು. ಫೋನಿನಲ್ಲಿ ಹೇಳಹೊರಟರೆ "ಆಯ್ತಮ್ಮ, ಗೊತ್ತಮ್ಮ" ಎಂದು ನನ್ನ ವಾಕ್ಯವನ್ನೂ ನೀನೇ ಮುಗಿಸಿಬಿಡುತ್ತೀಯೆ. ಅದಕ್ಕೇ ಈ ಕಾಗದ.

ಊಟದ ಕೋಣೆಯ ಗೋಡೆಯಿಂದ ವಿಮಾನದ ಕಾಕ್‌ಪಿಟ್ಟಿನ ಪೋಸ್ಟರನ್ನು ಇನ್ನೂ ತೆಗೆದಿಲ್ಲ. ಎರಡು ಕುರ್ಚಿಗಳೂ ಅದರೆದುರು ಹಾಗೇ ಇವೆ. ಅವನ್ನು ಸರಿಸಲು ಮನಸ್ಸು ಬಾರದೆ ನಾವು ಅಡುಗೆಮನೆಯಲ್ಲಿ ನಿಂತೇ ಉಂಡೆವು. ಆ ಕುರ್ಚಿಗಳಲ್ಲೇ ಅಲ್ಲವೇ ನಿನ್ನ ಅಭ್ಯಾಸ? ಎಡಗಡೆ ನೀನು, ವಿಮಾನದ ಹಿಡಿಕೆಯೆಂದು ಕೈಯಲ್ಲಿ ಮಡಿಸಿದ ಕೊಡೆ. ಬಲಗಡೆ ನಾನು, ಮಡಿಲಲ್ಲಿ ಚೆಕ್‌ಲಿಸ್ಟು; ನಾನು ಒಂದೊಂದು ಸಾಲು ಓದಿದಂತೆ ನೀನು ಪೋಸ್ಟರಿನಲ್ಲಿ ಅದನ್ನು ನೋಡಿ, ಮುಟ್ಟಿ, ಉತ್ತರ ಹೇಳಬೇಕು. ಹಿಂದೆ ಸ್ಟೂಲಿನ ಮೇಲೆ ಪರೀಕ್ಷಕರಾಗಿ ಅಪ್ಪ, ಅಲಾರಾಂ ಗಡಿಯಾರ ಹಿಡಿದು. ಅದು ಹೊಡೆದುಕೊಂಡರೆ ಎಂಜಿನ್ನಿಗೆ ಬೆಂಕಿ. ಮೂರು ವಾರದಲ್ಲಿ ನಮ್ಮ ಮನೆಯಲ್ಲಿ ಅದೆಷ್ಟು ಎಂಜಿನ್ನುಗಳು ಸುಟ್ಟುಹೋದವೋ! ನಾನು ಸಾಲು ಓದಿ ಮುಗಿಸುವ ಮೊದಲೇ ನಿನ್ನ ಉತ್ತರ ಬಂದುಬಿಡುತ್ತಿತ್ತು. "ಏನೇ, ನಿನ್ ಮಗಳು ವಿಮಾನ ಇಳಿಸ್ತಿದಾಳೋ, ಮಗ್ಗಿ ಒಪ್ಪಿಸ್ತಿದಾಳೋ?" ಎಂದು ಅಪ್ಪ ಕಿಚಾಯಿಸಿದರು. "ಹೋಗಪ್ಪಾ, ನಿಂಗೆ ಹೊಟ್ಟೆಕಿಚ್ಚು" ಎಂದೆ ನೀನು. ಮೂವರೂ ನಕ್ಕೆವು. ನೀನು ಹೊರಟಾಗಿನಿಂದ ಅಪ್ಪನ ಆ ಮಗ್ಗಿಯ ಮಾತು ಕೋಣೆಯಿಂದ ಕೋಣೆಗೆ ನನ್ನ ಹಿಂದೆಯೇ ಬರುತ್ತಿದೆ.

ಪೈಲಟ್ ಲೈಸೆನ್ಸು ಬಂದು ಎರಡು ವರ್ಷಕ್ಕೆ ವಿಮಾನ ಕಂಪನಿಯೊಂದರಿಂದ ಸಿಕ್ಕಿದ ಮೊದಲ ಕರೆ ಇದು. ಲಿಖಿತ ಪರೀಕ್ಷೆ ಮುಗಿಯಿತು, ಮಾತುಕತೆಯೂ ಮುಗಿಯಿತು. ಉಳಿದಿರುವುದು ಗುರುವಾರದ ಸಿಮ್ಯುಲೇಟರು, ನೆಲ ಬಿಡದೆಯೇ ಹಾರುವ ಆ ಪೆಟ್ಟಿಗೆ. ಅದರಲ್ಲಿ ಪಾಸಾದರೆ ಮುಂದಿನ ವರ್ಷ ನಿನ್ನ ಬೆನ್ನ ಹಿಂದೆ ನಿಜವಾದ ಜನ ಕೂತಿರುತ್ತಾರೆ. ಮೊನ್ನೆಯವರೆಗೆ ಇದನ್ನು ನೆನೆದರೆ ಹೆಮ್ಮೆಯಾಗುತ್ತಿತ್ತು.

ನಿನಗೆ ನಾಲ್ಕು ವರ್ಷವಿದ್ದಾಗಿನಿಂದ ಪದ್ಯಗಳನ್ನು ಬಾಯಿಪಾಠ ಮಾಡಿಸಿದವಳು ನಾನು. ಮನೆಗೆ ಬಂದವರ ಮುಂದೆಲ್ಲ ನಿಲ್ಲಿಸಿ ಹೇಳಿಸಿದೆ. ಒಂದಕ್ಷರವೂ ತಪ್ಪುತ್ತಿರಲಿಲ್ಲ, ನಿನ್ನ ಕಣ್ಣು ಮಾತ್ರ ಕಿಟಕಿಯಾಚೆ ಇರುತ್ತಿತ್ತು. ಬೆಳಿಗ್ಗೆಯಿಂದ ಬಾಯಿಪಾಠ ಎಂಬ ಆ ಪದವನ್ನೇ ನೋಡುತ್ತ ಕೂತಿದ್ದೇನೆ. ಅದರಲ್ಲಿ ಬಾಯಿ ಇದೆ. ಕಣ್ಣಿಲ್ಲ, ಕೈಯಿಲ್ಲ. ಪದ್ಯ ಹಾಗೆ ನಾಲಿಗೆಯಿಂದ ಜಾರಿಹೋದರೆ ಯಾರೂ ಸಾಯುವುದಿಲ್ಲ.

ನಿನ್ನ ಜೊತೆ ಪರೀಕ್ಷೆಗೆ ಕೂರುವ, ಪಕ್ಕದ ರೂಮಿನ ಆ ಕನ್ನಡಕದ ಹುಡುಗಿಗೂ ನಮ್ಮ ಶುಭಾಶಯ ಹೇಳು. ಅಪ್ಪನ ಆಶೀರ್ವಾದ ಇದರಲ್ಲೇ ಸೇರಿದೆ. ಬೇರೆ ಬರೆಯಲು ಅವರಿಗೆ ಸೋಮಾರಿತನ. ಹೊತ್ತಿಗೆ ಸರಿಯಾಗಿ ಊಟ ಮಾಡು, ಮಗಳೇ.

ನಿನ್ನ,
ಅಮ್ಮ

ತಾ.ಕ.: ಕೊರಿಯರಿನವನು ಬಾಗಿಲಲ್ಲಿ ಕಾಯುತ್ತಿದ್ದಾನೆ. ಭಾನುವಾರ, ಇಳಿಯುವ ಮುಂಚಿನ ಪಟ್ಟಿಯಲ್ಲಿ ಚಕ್ರದ ಸಾಲನ್ನು ನಾನು ಕಣ್ತಪ್ಪಿ ಓದದೆ ಬಿಟ್ಟೆ. ಕೇಳದೆಯೇ ನೀನು "ಚಕ್ರ ಇಳಿದಿದೆ, ಮೂರು ಹಸಿರು ದೀಪ" ಎಂದೆ. ನಿನ್ನ ಕೈ ಕೊಡೆ ಬಿಟ್ಟು ಚಕ್ರದ ಹಿಡಿಕೆಯತ್ತ ಹೋಗಿರಲಿಲ್ಲ, ಕಣ್ಣೂ ದೀಪದತ್ತ ಹೋಗಿರಲಿಲ್ಲ. ನಿನ್ನೆ ನೀನು ಹೊರಡುವ ಮೊದಲು ನಾನು ಬೇಕೆಂದೇ ಬಿಟ್ಟೆ. ಮತ್ತೆ ಮೂರು ಹಸಿರು ದೀಪ. ಕೊನೆಗೆ ಏನೂ ಓದದೆ ಬರೀ ಕೆಮ್ಮಿದೆ. "ನೋಡಿದೆ" ಎಂದೆ ನೀನು. ಅಪ್ಪ ಹತ್ತಕ್ಕೆ ಹತ್ತು ಕೊಟ್ಟರು. ನಿನ್ನ ಮುಖದ ಸಂತೋಷ ನೋಡಿ ನಾನು ಬಾಯಿ ಬಿಡಲಿಲ್ಲ. ಗುರುವಾರ ಅಲ್ಲಿನ ಪರೀಕ್ಷಕರೂ ಹತ್ತಕ್ಕೆ ಹತ್ತು ಕೊಟ್ಟುಬಿಟ್ಟರೆ? ನೀನು ಕೊಟ್ಟುಹೋದ ನಂಬರಿನಲ್ಲಿ ಕನ್ನಡಕದವಳಿಗೆ ಈಗಷ್ಟೇ ಫೋನ್ ಮಾಡಿದ್ದೇನೆ. ಇವತ್ತು ಸಂಜೆ ನಿಮ್ಮ ಅಭ್ಯಾಸದಲ್ಲಿ ಅವಳು ಒಂದು ಸಾಲು ಓದದೆ ಬಿಡುತ್ತಾಳೆ. ನಾಳೆ ಈ ಕಾಗದ ಕೈಸೇರುವ ಹೊತ್ತಿಗೆ ಅದೂ ಆಗಿಹೋಗಿರುತ್ತದೆ. ಹೋಗಿ ಅವಳನ್ನು ಕೇಳು. ಆ ಸಾಲಿಗೂ ನೀನು ಉತ್ತರ ಕೊಟ್ಟಿದ್ದರೆ ಗುರುವಾರ ಆ ಕುರ್ಚಿಯಲ್ಲಿ ಕೂರಬೇಡ. ಮನೆಗೆ ಬಂದುಬಿಡು.