ಕಣ್ಣು ಮುಚ್ಚಿ ಕೇಳಿದ ಭಾನುವಾರ

ಹಾಂಕಾಂಗ್, ಸೋಮವಾರ

ಅಕ್ಕಾ,

"ಬಾಯಿ ಬಿಟ್ಟು ಕೇಳೇ" ಎಂದು ನೀನು ಫೋನಿನಲ್ಲಿ ಬೈದ ಮೇಲೆ, ವಾರದ ರಜೆ ಕೇಳುವ ಮಾತನ್ನು ಅನ್ನದ ಕುಕ್ಕರಿನ ಮುಂದೆ ನಿಂತು ಅಭ್ಯಾಸ ಮಾಡಿದೆ. ಕುಕ್ಕರ್ ತಕ್ಷಣ ಒಪ್ಪಿತು. ಮನೆಯೊಡತಿಯ ಮುಂದೆ ಮಾತ್ರ "ಮೇಡಂ, ಭಾನುವಾರ..." ಎಂದವಳೇ ಒರೆಸಿದ ಮೇಜನ್ನೇ ಮತ್ತೆ ಒರೆಸತೊಡಗಿದೆ.

"ಏನು, ರಜಾ ಬೇಕಾ?" ಎಂದರು. ನಾನು ಹುಬ್ಬು ಎತ್ತಿದೆ. ನಮ್ಮೂರಲ್ಲಾದರೆ ಹೌದು ಅನ್ನಲು ಅಷ್ಟು ಸಾಕಲ್ಲವೇ? ಅವರಿಗೆ ಅರ್ಥವಾಗಲಿಲ್ಲ. ಇನ್ನೂ ಜೋರಾಗಿ ಎತ್ತಿದೆ. "ಅಯ್ಯೋ, ಕಣ್ಣಿಗೇನಾಯ್ತೇ ನಿಂಗೆ?" ಎಂದು ಕುರ್ಚಿಯಲ್ಲಿ ಕೂರಿಸಿ ಎರಡೂ ಕಣ್ಣಿಗೆ ಔಷಧಿಯ ಹನಿ ಬಿಟ್ಟರು.

ಉರಿ ತಾಳದೆ ಕಣ್ಣು ಮುಚ್ಚಿಕೊಂಡೆ. ಅವರ ಮುಖ ಕಾಣಿಸದಾದದ್ದೇ ತಡ, ಎಲ್ಲಿಂದಲೋ ಬಾಯಿ ಬಂತು. "ಕಣ್ಣಿಗೇನೂ ಆಗಿಲ್ಲ ಮೇಡಂ. ಭಾನುವಾರ ನನ್ನ ರಜಾ ದಿನ. ಅದು ನಂಗೆ ಬೇಕು," ಎಂದುಬಿಟ್ಟೆ.

ಹನಿಯ ಸೀಸೆಯ ಮುಚ್ಚಳ ತಿರುಗಿಸುವ ಸದ್ದು ಕೇಳಿಸಿತು. ಆಮೇಲೆ, "ಸರಿ ತಗೋ. ಇಷ್ಟು ದಿನ ಬಾಯಿಗೇನಾಗಿತ್ತು?" ಎಂದರು.

ನಿನ್ನೆ ಸೇತುವೆಯಡಿ ರಟ್ಟು ಹಾಸಿ ಗೆಳತಿಯರ ಜೊತೆ ನಮ್ಮ ದೇಶದ ಕೋಳಿಯಡುಗೆ ಅಡೋಬೋ ತಿಂದೆ. ಕಣ್ಣು ಚೆನ್ನಾಗಿದೆ, ಅಮ್ಮನಿಗೆ ಹೇಳಬೇಡ. ನಾನು ಮಲಗುವುದು ಇನ್ನೂ ಇಸ್ತ್ರಿ ಮೇಜಿನ ಕೆಳಗೇ. ಒಂದು ಮಂಚ ಕೇಳಬೇಕು. ಅದಕ್ಕೆಂದೇ ಆ ಹನಿಯ ಸೀಸೆಯನ್ನು ಜೇಬಿನಲ್ಲಿಟ್ಟುಕೊಂಡು ಓಡಾಡುತ್ತಿದ್ದೇನೆ.

ಕಾಗದದಲ್ಲಿ ಜಾಗ ಮುಗಿಯಿತು.
ನಿನ್ನ ತಂಗಿ ಲಿಗಾಯ