ಖಾಲಿ ಖೋಲಿಯ ಪಾಠ

ನೆಲಪೇಟೆ, ಉರಿಮಾಸ 9, ಕ್ರಿ.ಶ. 2231

ನನ್ನ ತರಗತಿಯ ಹತ್ತು ವರ್ಷದ ಕಲ್ಲವ್ವ ನಿನ್ನೆಯ ಮೈಯಳತೆಯಲ್ಲಿ ಗೆರೆ ದಾಟಿದ್ದಾಳೆ. ಪೇಟೆಯ ಗೋಡೆವಾರ್ತೆ ಇಂದು ಬೆಳಿಗ್ಗೆ ಇದನ್ನು ಪ್ರಕಟಿಸಿತು. ಸೋಮವಾರದ ಎರಡನೇ ಅಳತೆಯಲ್ಲೂ ಹೀಗೇ ಬಂದರೆ ಅವಳು ನಮ್ಮ ಶಾಲೆಯಲ್ಲಿ ಇರುವುದಿಲ್ಲ.

ಇನ್ನೂರು ವರ್ಷ ಹಿಂದಿರುವ ನಿಮಗೆ ಈ ಮಾತುಗಳು ವಿಚಿತ್ರವೆನಿಸಿದರೆ ಕ್ಷಮಿಸಿ. ಉಳಿದ ತಿಂಗಳುಗಳಿಂದ ದಿನ ಕಿತ್ತು ಮೇ ಮತ್ತು ಜೂನ್ ನಡುವೆ ಸೇರಿಸಿಕೊಂಡ ಹದಿಮೂರನೇ ತಿಂಗಳು ಉರಿಮಾಸ. ರಾಯಚೂರು ಸೀಮೆಯ ಬಿಸಿಲು ತಾಳಲಾಗದೆ ನೆಲದಡಿ ಕೊರೆದು ಕಟ್ಟಿದ ಊರು ನೆಲಪೇಟೆ. ನಾನು ಇಲ್ಲಿಯ ಶಿಕ್ಷಕಿ ಹಂಪವ್ವ. ಊರಿಗೆ ಎರಡು ಬಾಗಿಲು. ತಂಪುಬಾಗಿಲಿನ ಒಳಗೆ ಶಾಲೆ, ಆಸ್ಪತ್ರೆ, ತಣ್ಣನೆಯ ಗಾಳಿ. ಬಿಸಿಲುಬಾಗಿಲಿನ ಕಡೆ, ದಿನವೂ ಮೇಲೆ ಹೋಗಿ ಸೌರಫಲಕ ಒರೆಸುವವರ ಮನೆಗಳು. ನಾವು ಉಸಿರಾಡಿ ಬಿಟ್ಟ ಗಾಳಿ ಅಲ್ಲಿಗೆ ಹೋಗುತ್ತದೆ. ಹತ್ತು ತುಂಬಿದ ಪ್ರತಿ ಮಗುವಿನ ಮುಂಗೈ ಮೇಲೆ ಗಾಜಿನ ಬಿಲ್ಲೆ ಇಟ್ಟು ಮೈಬಣ್ಣ ಅಳೆಯುತ್ತಾರೆ. ಗೆರೆಗಿಂತ ಕಪ್ಪಾಗಿದ್ದರೆ ಆ ಮೈ ಬಿಸಿಲು ತಾಳುತ್ತದೆ ಎಂದು ತೀರ್ಮಾನಿಸಿ ಆ ಕಡೆ ಕಳಿಸುತ್ತಾರೆ. ಇದನ್ನು ಯಾರೂ ಶಿಕ್ಷೆ ಎನ್ನುವುದಿಲ್ಲ. ಇದರ ಹೆಸರು ‘ಹೊಂದಾಣಿಕೆ’. ಕಲ್ಲವ್ವನ ತಾಯಿ ವಾರಗಟ್ಟಲೆ ಕಡಲೆಹಿಟ್ಟು, ಮೊಸರು ತಿಕ್ಕಿದಳು. ಮಗುವಿನ ಮುಂಗೈ ಸುಲಿಯಿತು, ಬಣ್ಣ ಹಾಗೇ ಉಳಿಯಿತು.

ಬಣ್ಣ ನೋಡಿ ಜನರನ್ನು ಬೇರೆಯಿಡುತ್ತಿದ್ದ ಕಾಲವನ್ನು ಮಕ್ಕಳಿಗೆ ಕಲಿಸುವುದು ನನ್ನ ಕೆಲಸ. ಬರೀ ಇಸವಿ ಹೇಳಿದರೆ ಮರೆಯುತ್ತಾರೆಂದು ನಾನೇ ಒಂದು ಕಥೆ ಬರೆದೆ. ಅದು ಮುಗಿದ ಕಾಲದ್ದೆಂದು ಶಾಲಾ ಮಂಡಳಿ ಒಪ್ಪಿತು. ಬ್ರಿಟಿಷರ ಆಳ್ವಿಕೆ, ಬೇಸಿಗೆ, ಒಂದು ರೈಲು ನಿಲ್ದಾಣ. ಜ್ವರದ ಕೂಸನ್ನೆತ್ತಿಕೊಂಡ ದುರುಗವ್ವ ಬಿಳಿಯರಿಗೆ ಮಾತ್ರ ಮೀಸಲಾದ ಕೋಣೆಯ ಮುಂದೆ ನಿಲ್ಲುತ್ತಾಳೆ. ಒಳಗೆ, ಆಳು ಹಗ್ಗ ಎಳೆದು ಬೀಸುವ ಬಟ್ಟೆಯ ಪಂಖ ತೂಗುತ್ತಿದೆ. ಬಾಗಿಲು ಕಾಯುವ ಯಂಕೋಬ ಒಳಗೆ ಬಿಡುವುದಿಲ್ಲ, ಆದರೆ ಮರುಕದಿಂದ ಹೊರಗೆ ಬಂದು ಅವಳ ಬೊಗಸೆಗೆ ನೀರು ಹೊಯ್ಯುತ್ತಾನೆ. ರೈಲು ಬರುವಷ್ಟರಲ್ಲಿ ಕೂಸು ತೀರಿಕೊಂಡಿರುತ್ತದೆ.

ಇಂದು ಇದನ್ನು ಓದಿ, ತಪ್ಪು ಎಲ್ಲಿದೆ ಎಂದು ಕೇಳಿದೆ. ಮಕ್ಕಳು ತಪ್ಪು ಹುಡುಕಲಿಲ್ಲ, ಯಂಕೋಬನನ್ನು ಹೊಗಳಿದರು.

“ಬಾಳ ಛಲೋ ಮನಶಾರೀ ಅಕ್ಕೋರ, ನೀರರ ಕೊಟ್ಟ,” ಎಂದ ವಿರುಪಣ್ಣ. “ನಮ್ಮ ಶಂಕ್ರಪ್ಪ ಕಾಕಾ ಇದ್ದಂಗ!”

ಶಂಕ್ರಪ್ಪ ನಮ್ಮ ಬಾಗಿಲು ಕಾಯುವವನು. ಗೆರೆ ದಾಟಿದ ಮಕ್ಕಳ ಕೈಹಿಡಿದು ಆ ಕಡೆ ಬಿಡುವಾಗ ಶೇಂಗಾ ಚಿಕ್ಕಿ ಕೊಡುತ್ತಾನೆ. ನಿಜಕ್ಕೂ ಒಳ್ಳೆಯವನು.

ಹಿಂದಿನ ಸಾಲಿನಿಂದ ಕಲ್ಲವ್ವ ಕೇಳಿದಳು, “ಅಕ್ಕೋರ, ಆ ಖೋಲ್ಯಾಗ ಯಾರರ ಇದ್ರೇನ್ರೀ?”

“ಇಲ್ಲವ್ವ, ಕೋಣೆ ಖಾಲಿ ಇತ್ತು.”

“ಮತ್ತ ಪಂಖಾ ಯಾರಿಗೆ ತೂಗತಿದ್ರು?”

ವಿರುಪಣ್ಣ ನಕ್ಕ. “ಏ ಕಲ್ಲಿ, ಖಾಲಿ ಇದ್ರೇನಾತು? ಖೋಲಿ ಏನ್ ಅಕೀದೇನು? ನೀ ಹೋಗು, ಚಿಕ್ಕಿ ತಿನ್ನಂತಿ!”

ತರಗತಿ ನಕ್ಕಿತು. ಕಲ್ಲವ್ವ ಎರಡೂ ಕೈಗಳನ್ನು ಲಂಗದ ಮಡಿಕೆಯಲ್ಲಿ ಅಡಗಿಸಿದಳು.

ನಮ್ಮ ಶಾಲೆಯಲ್ಲೂ ಮೂರು ಕೋಣೆಗಳು ಖಾಲಿ ಇವೆ, ಅಲ್ಲೂ ತಂಪುಗಾಳಿ ಹಗಲಿರುಳು ಬೀಸುತ್ತದೆ ಎಂದು ನಾನು ಮಕ್ಕಳಿಗೆ ಹೇಳಿದೆ. ಮಧ್ಯಾಹ್ನವೇ ವಿರುಪಣ್ಣನ ತಂದೆ ದೂರು ಕೊಟ್ಟರು. ಸಂಜೆ ಮಂಡಳಿಯ ಆದೇಶ ಬಂತು: ಕಥೆ ಹಿಂದಿನದು, ಅಲ್ಲೇ ಇರಲಿ; ಇನ್ನೊಮ್ಮೆ ಇಂದಿನ ಮಾತು ಬೆರೆಸಿದರೆ ನನ್ನ ತಂಪುಬಾಗಿಲಿನ ಹಕ್ಕು ರದ್ದು. ಕಲ್ಲವ್ವನನ್ನು ಉಳಿಸಿಕೊಳ್ಳುವ ನನ್ನ ಮನವಿಗೂ ಅದರಲ್ಲೇ ಉತ್ತರವಿತ್ತು: ಆ ಕಡೆ ಆಕೆಗೆ ಕುಡಿಯುವ ನೀರಿನ ವ್ಯವಸ್ಥೆ ಇದೆ, ಆತಂಕ ಬೇಡ. ನಾನೇ ಅವಳನ್ನು ಕರೆದುಕೊಂಡು ಹೋಗೋಣವೆಂದರೆ ಬೇರೆ ಜಾಗವಿಲ್ಲ. ಮೇಲೆ, ನೆಲದ ಮೇಲೆ, ನೆರಳಿಲ್ಲದೆ ಯಾರೂ ಮಧ್ಯಾಹ್ನ ದಾಟುವುದಿಲ್ಲ.

ನಿಮ್ಮಲ್ಲಿ ಒಂದೇ ಕೋರಿಕೆ. ನಿಮ್ಮ ಮಕ್ಕಳಿಗೆ ಇಂಥ ಕಥೆ ಓದುವಾಗ, ನೀರು ಹೊಯ್ದವನನ್ನು ಮೆಚ್ಚಿದ ಕೂಡಲೇ ಪುಸ್ತಕ ಮುಚ್ಚಬೇಡಿ. ಪಂಖ ಯಾರಿಗೆ ತೂಗುತ್ತಿತ್ತು ಎಂದು ಒಂದು ಮಗು ಕೇಳುವವರೆಗೆ ಕಾಯಿರಿ. ಕೇಳಿದ ಮಗು ಎಲ್ಲಿ ಕೂತಿದೆ ಎಂದೂ ನೋಡಿರಿ.

ಸೋಮವಾರ ಬೆಳಿಗ್ಗೆ ಎಂಟಕ್ಕೆ ಎರಡನೇ ಅಳತೆ. ಒಂಬತ್ತಕ್ಕೆ ಶಂಕ್ರಪ್ಪ ಬಾಗಿಲು ತೆರೆಯುತ್ತಾನೆ.